ಕೋರ್ಟು ಏಳುವ ತನಕ

೧೯ ನವೆಂಬರ್ ೨೦೦೫, ಶನಿವಾರ. ಯಲ್ಲಾಪುರ.

ಮತ್ತೆ ಅಡ್ಜರ್ನ್. ಎರಡು ಸಿವಿಲ್, ಒಂದು ಚೆಕ್ ಬೌನ್ಸ್. ಇಡೀ ದಿನ ಕೂತದ್ದು ಅಷ್ಟಕ್ಕೆ. ವಕೀಲರ ಬಿಳಿ ಬ್ಯಾಂಡಿನ ದಾರ ಕುತ್ತಿಗೆಗೆ ಕಚ್ಚುತ್ತದೆ. ವಿನೋದಾ ಬೇರೆ ಹೊಲಿದು ಕೊಡುತ್ತೇನೆ ಎನ್ನುತ್ತಾಳೆ, ನಾನು ಇರಲಿ ಎನ್ನುತ್ತೇನೆ. ಮದುವೆ ಎಂದರೆ ಬಹುಶಃ ಇದೇ.

ಹೊಸ ಮ್ಯಾಜಿಸ್ಟ್ರೇಟ್ ಇನ್ನೂ ಅಂದಾಜಿಗೆ ಸಿಕ್ಕಿಲ್ಲ. ಸಣ್ಣ ವಯಸ್ಸು. ತಲೆ ಎತ್ತದೆ ಬರೆಯುತ್ತಾರೆ. ವಕೀಲರ ಬಾರ್ ರೂಮಿನಲ್ಲಿ ಅವರ ಬಗ್ಗೆ ಮಾತು ನಡೆಯುವುದು ಮನೆಗೆ ಬಂದ ಹೊಸ ಸೊಸೆಯ ಬಗ್ಗೆ ನಡೆದಂತೆ. ಉಪ್ಪು ಎಷ್ಟು ಹಾಕುತ್ತಾಳೋ ನೋಡೋಣ ಎಂಬ ಧಾಟಿ.

ಮುಂದಿನ ಶುಕ್ರವಾರ ಕಬೂಲಿಯ ದಿನ. ಹಳೆಯ ಪದ್ಧತಿ. ತಿಂಗಳ ಕೊನೆಗೆ ಇಷ್ಟು ಕೇಸು ಮುಗಿದವೆಂಬ ಡಿಸ್ಪೋಸಲ್ ಲೆಕ್ಕ ಬೇಕು, ಸಣ್ಣ ಕೇಸಿನವರನ್ನೆಲ್ಲ ಸಾಲಾಗಿ ನಿಲ್ಲಿಸುತ್ತೇವೆ. ತಪ್ಪು ಒಪ್ಪಿಕೊಳ್ಳುತ್ತಾರೆ. ಒಂದಿಷ್ಟು ದಂಡ, ಜೊತೆಗೆ 'ಕೋರ್ಟು ಏಳುವ ತನಕ ಶಿಕ್ಷೆ'. ಎಂದರೆ ಹಿಂದಿನ ಬೆಂಚಿನಲ್ಲಿ ಸಂಜೆಯವರೆಗೆ ಕೂರುವುದು. ಜಡ್ಜರು ಎದ್ದ ಮೇಲೆ ಅವರೂ ಎದ್ದು ಬಸ್ಸು ಹಿಡಿಯುತ್ತಾರೆ. ಯಾರಿಗೂ ನೋವಿಲ್ಲ. ನನಗಂತೂ ಇಲ್ಲ.

ಸಂಜೆ ಭಾವನ ಫೋನ್. ವೆಂಕಟ್ರಮಣ ಹೆಗಡೆ, ವಿನೋದಾಳ ಅಣ್ಣ. ತನ್ನ ಆಳು ಹುಚ್ಚನ (ಹೆಸರೇ ಅದು) ಕೇಸು ಆ ದಿನವೇ ಮುಗಿಸು ಎಂದ. "ವರ್ಷ ಆತು ಮಾರಾಯ. ಪ್ರತಿ ತಾರೀಖಿಗೂ ಅವ ಹೊಲ ಬಿಟ್ಟು ಬರಕ್ಕು. ದಂಡ ಎಷ್ಟಾದ್ರೂ ಆನು ಕೊಡ್ತೆ."

ಸರಿ ಎಂದೆ.

೨೦ ನವೆಂಬರ್, ಭಾನುವಾರ

ಬರೆಯಲು ಏನಿಲ್ಲ. ಆದರೂ ಕೂತಿದ್ದೇನೆ.

ಭಾವನ ಮನೆ ಇಲ್ಲೇ ಪೇಟೆಯಲ್ಲಿ, ಹೊಲ ಕಿರವತ್ತಿಯಲ್ಲಿ. ಗೋವಿನಜೋಳ. ಕಾಯುವವನು ಹುಚ್ಚ. ಹೊಲದ ಅಂಚಿಗೆ ಅವನ ಗುಡಿಸಲು, ಅದಕ್ಕೆ ಹತ್ತಿದ, ಕಾಡಿನಿಂದ ಒತ್ತಿದ ಒಂದು ತುಂಡು ಅತಿಕ್ರಮಣದ ನೆಲ. ಹೋದ ವರ್ಷ ತೆನೆ ಕಾಲದಲ್ಲಿ ಹೊಲದೊಳಗೆ ಕಾಡುಹಂದಿ ಸತ್ತಿತು. ಮಾಂಸ ಹುಚ್ಚನ ಗುಡಿಸಲಲ್ಲಿ ಸಿಕ್ಕಿತು. ತಂತಿಯ ಉರುಲು ಹಾಕಿ ಕೊಂದ ಎಂದು ಫಾರೆಸ್ಟಿನವರು ಕೇಸು ಬರೆದರು. ಉರುಲನ್ನೂ ತಂದು ಜಪ್ತಿಯಲ್ಲಿ ತೋರಿಸಿದರು.

ಉರುಲಲ್ಲ, ಗುಂಡು. ಬಂದೂಕು ಭಾವನದು, ಬೆಳೆ ರಕ್ಷಣೆಯ ಲೈಸೆನ್ಸಿನದು. ನನಗೆ ಇದು ಯಾರೂ ಹೇಳಿಲ್ಲ. ಆದರೆ ನಮ್ಮವರು, ಮಾಂಸ ಮುಟ್ಟದ ಬ್ರಾಹ್ಮಣರು, ಬಂದೂಕು ಇಟ್ಟುಕೊಳ್ಳುವ ಕ್ರಮ ನನಗೆ ಗೊತ್ತು. ಕೈಯಿಂದ ಕೈಗೆ ಕೊಡುವುದಿಲ್ಲ. ತೆನೆ ಕಟ್ಟುವ ಹೊತ್ತಿಗೆ ಜಗಲಿಯ ಗೋಡೆಗೆ ಒರಗಿಸಿ ಇಡುತ್ತಾರೆ, ಪಕ್ಕದಲ್ಲಿ ತೋಟಾ. ಇಟ್ಟು ಒಳಗೆ ಹೋಗುತ್ತಾರೆ. ಆಳು ತೆಗೆದುಕೊಂಡು ಹೋಗುತ್ತಾನೆ, ಬೆಳಗಾಗುವುದರೊಳಗೆ ತಂದಿಡುತ್ತಾನೆ. ಕೊಂದ ಪಾಪ ಕೊಟ್ಟವನಿಗೂ ಉಂಟು. ಇಟ್ಟವನಿಗೆ ಇಲ್ಲ.

ನನ್ನ ಅಜ್ಜನೂ ಹೀಗೆಯೇ ಇಡುತ್ತಿದ್ದ.

೨೨ ನವೆಂಬರ್, ಮಂಗಳವಾರ

ಹುಚ್ಚ, ಅವನ ಹೆಂಡತಿ ಮಂಜಿ ಆಫೀಸಿಗೆ ಬಂದಿದ್ದರು. ಅವನು ಕುರ್ಚಿಯಲ್ಲಿ ಕೂರುವುದಿಲ್ಲ. ಅವಳು ಕೂತಳು.

"ಸಾಹೇಬ್ರ, ಉರುಲು ನಾ ಹಾಕಿಲ್ರಿ. ಅವತ್ತ ಏನಾತಂದ್ರ..."

"ಅದೆಲ್ಲ ಈಗ ಬೇಡ ಮಾರಾಯ," ಎಂದೆ. "ಈಗ ದಾರಿ ಎರಡು. ಕೇಸು ನಡೆಸಿದರೆ ಇನ್ನೂ ಎರಡು ವರ್ಷ ಓಡಾಟ. ಸಾಕ್ಷಿ ಬರಬೇಕು, ಫಾರೆಸ್ಟರು ಬರಬೇಕು. ಕಬೂಲ್ ಮಾಡಿದರೆ ಶುಕ್ರವಾರ ಸಂಜೆಗೆ ಮುಗಿಯಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದು ಮನೆಗೆ ಹೋಗುವುದು."

ಮಂಜಿ ಕೇಳಿದಳು, "ಬರೇ ಕುಂಡ್ರಾದೇನ್ರಿ?"

"ಬರೀ ಕೂರುವುದು."

"ಹಂಗಾರ ಚಲೋ ಆತು. ಮನ್ಯಾಗ ಒಂದ ಕಡೆ ಕುಂಡ್ರು ಅಂದ್ರ ಕುಂಡ್ರಂಗಿಲ್ಲ ಇಂವ. ಜಡ್ಜ್ ಸಾಹೇಬ್ರು ಕುಂಡ್ರಸ್ತಾರ."

ಹುಚ್ಚ ನಕ್ಕ. ನಾನೂ ನಕ್ಕೆ.

"ನಿನಗೆ ಬಿಟ್ಟದ್ದು. ವಿಚಾರ ಮಾಡು," ಎಂದೆ. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ. ರಸ್ತೆ ನೋಡಿದೆ.

"ನೀವ್ ಹೇಳಿದ್ಹಂಗ್ರಿ," ಎಂದ ಹಿಂದಿನಿಂದ.

ನಾನು ಏನೂ ಹೇಳಿರಲಿಲ್ಲ. ಜಗಲಿಯ ಬಂದೂಕಿನಂತೆ ಇಟ್ಟಿದ್ದೆ.

೨೫ ನವೆಂಬರ್, ಶುಕ್ರವಾರ. ಸಂಜೆ

ಒಂದು ವರ್ಷ.

ಕ್ರಮವಾಗಿ ಬರೆಯಬೇಕು. ಇಲ್ಲದಿದ್ದರೆ ನಾಳೆ ಬೇರೆ ರೀತಿ ನೆನಪಾಗುತ್ತದೆ.

ಆರೋಪ ಓದಿ ಹೇಳಿದರು. ಒಪ್ಪುತ್ತೀಯಾ ಎಂದರು. ಹುಚ್ಚ ನನ್ನತ್ತ ತಿರುಗಿದ. "ವಕೀಲ್ರು ಹೇಳಿದ್ಹಂಗ್ರಿ." ಮ್ಯಾಜಿಸ್ಟ್ರೇಟ್ ಮೊದಲ ಸಲ ತಲೆ ಎತ್ತಿದರು. "ಅವರು ಹೇಳಿದ್ದಲ್ಲ. ನೀನು ಹೇಳು." ಹುಚ್ಚ ಮತ್ತೆ ನನ್ನ ನೋಡಿದ. ನಾನು ಫೈಲು ನೋಡಿದೆ. "ಹೂಂ ರಿ," ಎಂದ. ಯಾರಾದರೂ ಒತ್ತಾಯ ಮಾಡಿದ್ದಾರೆಯೇ? "ಇಲ್ರಿ." ಬರೆದುಕೊಂಡರು: ಆರೋಪಿಯು ಸ್ವಇಚ್ಛೆಯಿಂದ ತಪ್ಪೊಪ್ಪಿಕೊಂಡಿದ್ದಾನೆ.

ಶಿಕ್ಷೆಯ ಬಗ್ಗೆ ಹೇಳುವುದಿದೆಯೇ ಎಂದು ನನ್ನ ಕೇಳಿದರು. ಬಡವ, ಮೊದಲ ತಪ್ಪು, ದಯೆ ತೋರಬೇಕು ಎಂದೆ. ಇಪ್ಪತ್ತು ವರ್ಷದಿಂದ ಹೇಳುವ ಅದೇ ಸಾಲು, ಅದೇ ರಾಗ. ವನ್ಯಜೀವಿಗಳ ವಿಷಯದಲ್ಲಿ ದಯೆ ತೋರಿ ತೋರಿ ಈ ಜಿಲ್ಲೆಯ ಕಾಡು ಏನಾಗಿದೆ ಎಂದು ಒಂದು ಮಾತು ಹೇಳಿದರು. ಆಮೇಲೆ ಒಂದು ವರ್ಷ ಎಂದರು.

ಅಲ್ಲೇ ಎದ್ದು ಕೇಳಬಹುದಿತ್ತು. ಅಪೀಲು ಹೋಗುತ್ತೇವೆ, ಅಲ್ಲಿಯ ತನಕ ಶಿಕ್ಷೆ ಅಮಾನತಿನಲ್ಲಿಡಿ, ಬೇಲ್ ಮುಂದುವರಿಸಿ. ಶಿಕ್ಷೆಯಾದವನಿಗೆ ಕಾನೂನು ಅಷ್ಟು ಇಟ್ಟಿದೆ. ಎರಡು ಸಾಲಿನ ಅರ್ಜಿ. ನಿನ್ನೆ ಮೊನ್ನೆ ವಕೀಲಿಯ ಸನದು ತೆಗೆದುಕೊಂಡವನಿಗೂ ಗೊತ್ತಿರುವಂಥದ್ದು. ನಾನು ಕೂತೆ. ಮುಂದಿನ ಕೇಸು ಕೂಗಿದರು.

ಹುಚ್ಚ ಏನು ಮಾಡಿದ ಎಂದರೆ, ಕಟಕಟೆಯಿಂದ ಇಳಿದು ತಾನಾಗಿ ಹಿಂದಿನ ಬೆಂಚಿಗೆ ಹೋಗಿ ಕೂತ. ಕೈ ಮಡಚಿ, ನೆಟ್ಟಗೆ. ಸಂಜೆಯ ತನಕ ಕೂರುವ ತಯಾರಿಯಲ್ಲಿ. ಕಾನ್ಸ್‌ಟೇಬಲ್ ಬಂದು ರಟ್ಟೆ ಹಿಡಿದು ಎಬ್ಬಿಸಬೇಕಾಯಿತು.

೨೬ ನವೆಂಬರ್, ಶನಿವಾರ

ಭಾವ ಬಂದಿದ್ದ. ವಿನೋದಾ ಅವಲಕ್ಕಿ ಕೊಟ್ಟಳು.

"ಒಂದು ವರ್ಷ ಹೇಳಿರೆ ಜಾಸ್ತಿನೇ ಆತು," ಎಂದ. "ಆದರೂ ಮುಗತ್ತಲ. ಅವನ ಮನೆ ಖರ್ಚು ಆನು ನೋಡ್ಕಳ್ತೆ. ಮಂಜಿಗೆ ಕೆಲಸ ಇದ್ದು, ಅಕ್ಕಿ ಇದ್ದು. ಎಂತ ಕಮ್ಮಿ?"

"ಗಂಡ," ಎಂದಳು ವಿನೋದಾ.

ಭಾವ ನಗಲು ನೋಡಿದ. "ನೀ ಸುಮ್ಮಂಗಿರೆ."

ಹೋಗುವಾಗ ಚಪ್ಪಲಿ ಮೆಟ್ಟುತ್ತ, ತಗ್ಗಿದ ದನಿಯಲ್ಲಿ: "ಇನ್ನು ಬೇರೆ ಯಾವುದೂ ಮೇಲೆ ಬತ್ತಿಲ್ಲೆ, ಅಲ್ದ ಭಾವಾ?"

"ಬತ್ತಿಲ್ಲೆ," ಎಂದೆ.

ಅವನ ಹೆಗಲು ಇಳಿದದ್ದು ಕಂಡೆ. ನನ್ನದೂ ಇಳಿಯಿತು. ಅದನ್ನೂ ಬರೆಯಬೇಕು.

೩ ಡಿಸೆಂಬರ್, ಶನಿವಾರ. ಶಿರಸಿ

ಒಂದು ವಾರ ಏನೂ ಬರೆಯಲಿಲ್ಲ. ಏನೂ ಮಾಡಲೂ ಇಲ್ಲ.

ಇವತ್ತು ಶಿರಸಿಗೆ ಬಂದೆ, ಪರಮೇಶ್ವರಪ್ಪನವರ ಹತ್ತಿರ. ಹಾವೇರಿ ಕಡೆಯವರು, ಇಲ್ಲಿ ಕ್ರಿಮಿನಲ್ ಕೆಲಸದಲ್ಲಿ ಹಿರಿಯರು. ನಾನು ಜೂನಿಯರ್ ಆಗಿದ್ದದ್ದು ಇವರ ಕೈಕೆಳಗೆ. ಎಲೆ ಅಡಿಕೆ ಜಗಿಯುತ್ತ ಪೂರ್ತಿ ಕೇಳಿದರು.

"ಕಬೂಲ್ ಮಾಡ್ಸೀರಿ. ಕಬೂಲ್ ಮಾಡಿದಂವಗ ಅಪೀಲ್ ಎಲ್ಲೈತ್ರಿ ಭಟ್ಟರ? ತಪ್ಪು ಮಾಡಿಲ್ಲ ಅನ್ನಾಕ ಬರಂಗಿಲ್ಲ. ಶಿಕ್ಷಾ ಜಾಸ್ತಿ ಆತು ಅಂತ ಅಷ್ಟ ಅಳಬೇಕು."

"ಅಷ್ಟಾದರೂ ಆಗಲಿ."

"ಆಗ್ತದ. ವರ್ಷದ್ದು ಎರಡು ತಿಂಗಳಿಗೆ ಇಳಿಸ್ತಾರ. ಆದರ ಗುನ್ಹೇಗಾರ ಅನ್ನೂದು ಹಣಿಮ್ಯಾಲ ಹಂಗ ಉಳೀತು."

ಎದ್ದು ಹೋಗಿ ಉಗುಳಿ ಬಂದರು.

"ಇನ್ನೊಂದು ದಾರಿ ಐತಿ. ಆ ಕಬೂಲಿನ ಕಬೂಲಿ ಅಲ್ಲ ಅನಬೇಕು. ಅಂವಗ ತಿಳೀಲಿಲ್ಲ, ವಕೀಲ ಬರೇ ಕುಂಡ್ರೂದು ಅಂತ ಹೇಳಿ ನಂಬಿಸಿದ, ಅದಕ್ಕ ಹೂಂ ಅಂದ ಅಂತ. ಆವಾಗ ಎಲ್ಲಾ ತೆಗದು ಹಾಕಿ ಮೊದಲಿಂದ ವಿಚಾರಣೆ. ಆದರ ಅದನ್ನ ಯಾರು ಪ್ರಮಾಣ ಮಾಡಿ ಹೇಳಬೇಕು?"

ಹೊಸ ಎಲೆಗೆ ಸುಣ್ಣ ಸವರಿದರು.

"ವಕೀಲನ ಹೇಳಬೇಕು," ಅವರೇ ಅಂದರು. "ಕೋಟು ಬಿಚ್ಚಿ ಇಟ್ಟು, ಸಾಕ್ಷಿ ಆಗಿ. ಅಪೀಲ್ ನಾ ನಡಸ್ತೀನಿ. ತಿಂಗಳದೊಳಗ ಹಾಕಬೇಕು, ಮರೀಬ್ಯಾಡ್ರಿ. ನಿಮ್ಮ ಬಾರಿನವರು ನಗ್ತಾರ. ನಗಲಿ. ನನಗೂ ಒಮ್ಮೆ ನಕ್ಕಿದ್ದರು."

ಬಸ್ ಸ್ಟ್ಯಾಂಡಿನಲ್ಲಿ ಒಂದು ಗಂಟೆ ಕೂತೆ. ಯಲ್ಲಾಪುರದ ಬಸ್ಸು ಬಂತು, ಹೋಯಿತು. ನಾಚಿಕೆಯ ಲೆಕ್ಕ ಹಾಕುತ್ತಿದ್ದೆ. ಬಾರ್ ರೂಮಿನ ನಗು ಒಂದು ಕಡೆ. ಮರುವಿಚಾರಣೆ ಎಂದರೆ ಉರುಲು ಸುಳ್ಳೆಂದು ಹೇಳಬೇಕು, ಉರುಲು ಸುಳ್ಳಾದರೆ ಗುಂಡು, ಗುಂಡಾದರೆ ಬಂದೂಕು. ಭಾವ ಇನ್ನೊಂದು ಕಡೆ. ಹುಚ್ಚನನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ.

೮ ಡಿಸೆಂಬರ್, ಗುರುವಾರ

ಮಂಜಿ ಬಂದಳು. ಇವತ್ತು ಕೂರಲಿಲ್ಲ.

ಫಾರೆಸ್ಟ್ ಗಾರ್ಡು ಬಂದು ಗುಡಿಸಲಿನ ಹಿಂದಿನ ಬೇಲಿ ಕಿತ್ತಿದ್ದಾನಂತೆ. ಕಾಡಿನ ಗುನ್ಹೆಯಲ್ಲಿ ಜೈಲಿಗೆ ಹೋದವನಿಗೆ ಅತಿಕ್ರಮಣದ ನೆಲ ಎಲ್ಲಿಂದ ಬಂತು ಎಂದನಂತೆ. ಸಂಕ್ರಾಂತಿಯೊಳಗೆ ಖಾಲಿ ಮಾಡು ಎಂದಿದ್ದಾನೆ.

"ಹೆಗಡೇರಿಗೆ ಹೇಳಿದ್ಯಾ?"

"ಹೇಳೀನ್ರಿ. ಅಕ್ಕಿ ಕೊಟ್ಟರು."

ಆಮೇಲೆ, ಜಗಳದ ದನಿಯಲ್ಲಲ್ಲ, ತಿಳಿದುಕೊಳ್ಳುವ ದನಿಯಲ್ಲಿ: "ವಕೀಲ್ರ, ಬರೇ ಕುಂಡ್ರಾದು ಅಂದಿದ್ರಿ. ಅಂವ ಏನರ ತಪ್ಪು ಹೇಳಿದ್ನೇನ್ರಿ ಒಳಗ? ಅಂವಗ ಮಾತು ಬರಂಗಿಲ್ಲ. ಏನರ ಹೆಚ್ಚು ಕಡಿಮಿ ಅಂದ್ನೇನ?"

"ಇಲ್ಲ. ಅವನು ಸರಿಯಾಗೇ ಹೇಳಿದ."

"ಮತ್ತ?"

ಅಪೀಲಿದೆ, ಬರೆಯುತ್ತಿದ್ದೇನೆ ಎಂದೆ. ಎಂಥದು ಎಂದು ಅವಳು ಕೇಳಲಿಲ್ಲ. ಎರಡರಲ್ಲಿ ಯಾವುದೆಂದು ನಾನಿನ್ನೂ ನಿಶ್ಚಯಿಸಿರಲಿಲ್ಲ. ಶಿಕ್ಷೆ ಮಾತ್ರ ಇಳಿದರೆ ಅವಳ ಗಂಡ ಬರುತ್ತಾನೆ, ಬರಲು ಗುಡಿಸಲು ಇರುವುದಿಲ್ಲ.

೧೩ ಡಿಸೆಂಬರ್, ಮಂಗಳವಾರ

ಎರಡು ಕರಡು ಮಾಡಿದೆ. ಒಂದು ಶಿಕ್ಷೆ ಇಳಿಸಿ ಎಂಬುದು. ಸಲೀಸಾಗಿ ಬಂತು. ಕೈಗೆ ರೂಢಿ. ಇನ್ನೊಂದು ಕಬೂಲಿಯೇ ಊರ್ಜಿತವಲ್ಲ ಎಂಬುದು. ಅದರಲ್ಲಿ ಒಂದು ಜಾಗ ಖಾಲಿ: 'ನಿಜವಾಗಿ ನಡೆದದ್ದೇನೆಂದರೆ...'

ಪೆನ್ನು ನಿಂತಿತು. ನಿಜವಾಗಿ ನಡೆದದ್ದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಜಗಲಿ, ಬಂದೂಕು, ಆಳು. ಯಾರು ಹೇಳಿದ್ದು? ಯಾರೂ ಇಲ್ಲ. ವರ್ಷ ಅವನ ಕೇಸು ಹಿಡಿದಿದ್ದೇನೆ. ಒಮ್ಮೆಯೂ ಕೇಳಿಲ್ಲ. ಒಮ್ಮೆ ಅವನಾಗಿ ಹೇಳಲು ಬಂದ, ಬೇಡ ಎಂದೆ.

ಶನಿವಾರ ಕಾರವಾರಕ್ಕೆ ಹೋಗುವುದು. ಜೈಲಿಗೆ.

೧೭ ಡಿಸೆಂಬರ್, ಶನಿವಾರ. ಕಾರವಾರ

ಬಿಸಿಲಿಗೆ ಜೈಲಿನ ಗೋಡೆಯ ಸುಣ್ಣ ಕಣ್ಣಿಗೆ ಹೊಡೆಯುತ್ತದೆ. ಹೆಸರು ಬರೆಸಿ ಕಾದೆ.

ಹುಚ್ಚ ಕ್ಷೌರ ಮಾಡಿಸಿಕೊಂಡಿದ್ದ. ಸ್ವಲ್ಪ ತುಂಬಿಕೊಂಡ ಹಾಗೂ ಕಂಡ. ಜಾಲರಿಯ ಆಚೆ ನಿಂತು ಮೊದಲು ಕೇಳಿದ್ದು: "ಹೆಗಡೇರು ಆರಾಮ ಅದಾರೇನ್ರಿ?"

ಆರಾಮ ಎಂದೆ. ಮಂಜಿಯ ಸುದ್ದಿ ಹೇಳಿದೆ, ಬೇಲಿಯ ಸುದ್ದಿ ಹೇಳಲಿಲ್ಲ. ಕೊನೆಗೆ ಕೇಳಿದೆ. "ಅವತ್ತು ಏನಾಯ್ತು ಹುಚ್ಚ?"

ಅವನು ಸುತ್ತ ನೋಡಿದ. "ಯಾವತ್ತ್ರಿ?"

"ಹಂದಿ ಸತ್ತ ದಿನ."

"ಈ ಮಾತ ನೀವ್ ಕೇಳ್ಲೇ ಇಲ್ಲಲ್ರಿ."

"ಈಗ ಕೇಳ್ತಾ ಇದ್ದೇನೆ."

ಮತ್ತೊಮ್ಮೆ ಸುತ್ತ ನೋಡಿದ. ಆಮೇಲೆ ಜಾಲರಿಗೆ ಮುಖ ಹತ್ತಿರ ತಂದ. "ನಾ ಹೊಡದಿಲ್ರಿ. ನನ್ನ ಕಣ್ಣ ಸಂಜಿ ಮುಂದ ಕಾಣಂಗಿಲ್ಲ. ಹೆಗಡೇರ ಹೊಡದ್ರಿ. ಅಟ್ಟಣಿಗಿ ಮ್ಯಾಲ ಅವರ ಕುಂತಿದ್ರು. ಒಂದ ಗುಂಡ. ಭಾರಿ ಗುರಿ ಐತ್ರಿ ಅವರದು."

ಕಡೆಯ ವಾಕ್ಯದಲ್ಲಿ ಹೆಮ್ಮೆ ಇತ್ತು.

"ಆಮ್ಯಾಲ ಇಳದ ಬಂದು ಅದನ್ನ ನೋಡಿ ಕುಂತಬಿಟ್ರು. ಅಳಾಕ ಹತ್ತಿದ್ರು. ಹುಚ್ಚಾ, ನೀ ಹೊಡದಿ ಅನ್ನು ಅಂದ್ರು. ನಮ್ಮ ಜಾತ್ಯಾಗ ಇದು ಆಗಂಗಿಲ್ಲ ಅಂದ್ರು. ಅಡ್ಡಿ ಇಲ್ರಿ, ನಮಗ ಆಗ್ತದ್ರಿ ಅಂದೆ."

ನಾನು ಜಾಲರಿ ಹಿಡಿದಿದ್ದೆ. ತುಕ್ಕು.

ಕೊಂದವ ಹುಚ್ಚನೇ ಎಂದು ನಾನು ಏಕೆ ನಂಬಿದ್ದೆ? ಯಾರೂ ನಂಬಿಸಿರಲಿಲ್ಲ. ನಮ್ಮವರು ಹೊಡೆಯುವುದಿಲ್ಲ ಎಂಬುದು ನನಗೆ ಸಾಕ್ಷ್ಯ ಬೇಡದ ಸಂಗತಿಯಾಗಿತ್ತು. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂಬಂತೆ. ಜನಿವಾರ ತೆಗೆದಿಟ್ಟು ಇಪ್ಪತ್ತೈದು ವರ್ಷವಾಗಿದೆ ಎಂದು ಹೇಳಿಕೊಳ್ಳುವ ಮನುಷ್ಯ ನಾನು.

ಎರಡು ಅಪೀಲುಗಳನ್ನೂ ವಿವರಿಸಿದೆ. ಒಂದರಲ್ಲಿ ಬೇಗ ಬರುತ್ತೀ, ತಪ್ಪಿತಸ್ಥನಾಗಿಯೇ. ಇನ್ನೊಂದರಲ್ಲಿ ಹೆಗಡೇರ ಹೆಸರು ಬರಬಹುದು. ನೀನು ನನಗೆ ಹೇಳಿದ್ದನ್ನು ನೀನು ಒಪ್ಪದೆ ನಾನು ಎಲ್ಲೂ ಹೇಳುವಂತಿಲ್ಲ. ಯಾವುದು ಬೇಕು?

"ನೀವ್ ಹೇಳಿದ್ಹಂಗ್ರಿ."

"ನಾನು ಹೇಳಿದ ಹಾಗೆ ಅಲ್ಲ. ನೀನು ಹೇಳು."

ಹೇಳಿದ ಮೇಲೆ ಗೊತ್ತಾಯಿತು, ಮ್ಯಾಜಿಸ್ಟ್ರೇಟರ ಮಾತೇ ನನ್ನ ಬಾಯಲ್ಲಿ ಬಂದದ್ದು. ಅವನೂ ಕೋರ್ಟಿನಲ್ಲಿ ನಿಂತಂತೆಯೇ ನಿಂತಿದ್ದ. ನಾನು ಇಲ್ಲಿಯವರೆಗೆ ಬಂದದ್ದು ಅವನಿಂದ ಅಪ್ಪಣೆ ಪಡೆಯಲು. ಯಾವುದಾದರೊಂದು ಅಪ್ಪಣೆ. ಶಿಕ್ಷೆ ಇಳಿಸಿ ಸಾಕು ಎಂದಿದ್ದರೆ ಕಾಲಿಗೆ ಬೀಳುತ್ತಿದ್ದೆ.

"ಖರೇ ಹೇಳಾದಿದ್ರ ಹೇಳ್ರಿ," ಎಂದ ಕೊನೆಗೆ. "ಆದ್ರ ಹೆಗಡೇರಿಗೆ ಮೊದಲ ಒಂದ ಮಾತ ಹೇಳ್ರಿ. ಹೇಳದ ಮಾಡಬ್ಯಾಡ್ರಿ."

ಎರಡಕ್ಕೂ ಹೆಬ್ಬೆಟ್ಟು ಹಾಕಿದ.

೧೮ ಡಿಸೆಂಬರ್, ಭಾನುವಾರ

ಭಾವನ ಮನೆ. ಜಗಲಿಯಲ್ಲಿ ಅವನೊಬ್ಬನೇ ಇದ್ದ. ಹುಚ್ಚ ಹೇಳಿದ್ದನ್ನು ಹೇಳಿದೆ.

ಇಲ್ಲ ಎನ್ನಲಿಲ್ಲ. ಅಂಗೈಯಿಂದ ಮೊಣಕಾಲು ಉಜ್ಜುತ್ತ ಕೂತ.

"ಬೆಳೆ ಎಲ್ಲ ಉತ್ತು ಹಾಕಿತ್ತು. ಅವಂಗೆ ಕಣ್ಣು ಕಾಣ್ತಿಲ್ಲೆ. ಒಂದು ಸಲ ಹೆದರ್ಸನ ಹೇಳಿ ಬಂದೂಕು ಹಿಡದ್ದೆ. ಹೆಂಗೋ ಬಿತ್ತು." ಆಮೇಲೆ: "ಗೋಕರ್ಣಕ್ಕೆ ಹೋಗಿ ಪ್ರಾಯಶ್ಚಿತ್ತ ಮಾಡ್ಸಿದ್ದೆ ಭಾವಾ. ಸಮುದ್ರಸ್ನಾನ, ಹೋಮ, ಉಪವಾಸ ಎಲ್ಲ. ಅಲ್ಲಿನ ಪುರೋಹಿತ ಭಟ್ರು ಇನ್ನು ದೋಷ ಇಲ್ಲೆ ಹೇಳಿದ್ದ. ಅಲ್ಲಿಗೆ ಮುಗತ್ತು."

"ಹುಚ್ಚಂಗೆ?"

"ಅವಂಗೆ ಎಂತ ದೋಷ? ಅವರಲ್ಲಿ ನಡೀತು."

ವ್ಯಂಗ್ಯವಾಗಿ ಹೇಳಿದ್ದಲ್ಲ. ನಂಬಿಕೊಂಡು ಹೇಳಿದ. ಅವನ ಮಟ್ಟಿಗೆ ಅಪರಾಧ ಒಂದು, ಶಿಕ್ಷೆ ಒಂದು, ಎರಡೂ ಮುಗಿದಿವೆ. ಜೈಲು ಬೇರೆ ಯಾವುದೋ ಇಲಾಖೆ.

"ವಿನೋದಂಗೆ ಮಾತ್ರ ಹೇಳಡ," ಎಂದ. "ಹಂದಿ ಹೊಡದ ಹೇಳಿ ಅವಳು ತಿಳ್ಕಂಡ್ರೆ ಯಂಗೆ ಮೋರೆ ತೋರ್ಸಲೆ ಆಗ್ತಿಲ್ಲೆ. ಅಬ್ಬೆ ಹೋದಮೇಲೆ ಅವಳ ಸಾಕಿದ್ದು ಆನು."

ಅಳುತ್ತಿದ್ದ. ಎದ್ದು ಬಂದೆ. ಒಂದು ಮಾತು ಹೇಳಬೇಕು ಎಂದಿದ್ದ ಹುಚ್ಚ. ಹೇಳಿಯಾಯಿತು.

೨೧ ಡಿಸೆಂಬರ್, ಬುಧವಾರ. ಶಿರಸಿ

ಅಫಿಡವಿಟ್ ಆಯಿತು. ಕೋಟು ಹಾಕದೆ ನೋಟರಿಯ ಎದುರು ನಿಂತು ಸಹಿ ಹಾಕಿದೆ.

ಹೇಗೆ ಆಯಿತು ಎಂಬುದನ್ನೂ ಬರೆಯಬೇಕು. ಪೂರ್ತಿ ಕಥೆ ಪರಮೇಶ್ವರಪ್ಪನವರಿಗೆ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡರು. "ಅಷ್ಟೆಲ್ಲ ಈಗ ಬ್ಯಾಡ್ರಿ. ನೀವು ತಪ್ಪು ಭರವಸಾ ಕೊಟ್ಟೀರಿ, ಅಂವ ನಂಬಿದ. ಇಷ್ಟ ಸಾಕು ಕಬೂಲಿ ಮುರಿಯಾಕ. ಯಾರು ಹೊಡದ್ರು ಅನ್ನೂದು ಟ್ರಯಲ್ ಕೋರ್ಟಿನಾಗ ಬಂದಾಗ ಬರ್ತದ."

ಎದೆ ಹಗುರಾಯಿತು. ನಾಚಿಕೆಯಾಗುವಷ್ಟು ಹಗುರ. ನನ್ನ ತಪ್ಪು ಮಾತ್ರ ಹೇಳಿದರೆ ಸಾಕು. ಚೆಂದದ ತಪ್ಪು ಅದು, ಒಪ್ಪಿಕೊಂಡರೆ ಮನುಷ್ಯ ದೊಡ್ಡವನಾಗಿ ಕಾಣುತ್ತಾನೆ. ಭಾವನ ಹೆಸರಿಲ್ಲ. ಬಂದೂಕಿಲ್ಲ.

"ಸಮಾಧಾನ ಆತೇನು?" ಎಂದರು ಪರಮೇಶ್ವರಪ್ಪ, ನನ್ನ ಮುಖ ನೋಡಿ.

ಆಯಿತು ಎಂದೆ.

"ಆಗಬಾರದಿತ್ತು," ಎಂದು ಫೈಲು ಕಟ್ಟಿದರು.

೨೩ ಡಿಸೆಂಬರ್, ಶುಕ್ರವಾರ. ಮನೆ, ಸಂಜೆ ೭

ಕಾರವಾರದಿಂದ ಈಗ ಬಂದೆ. ಕೈಕಾಲು ತೊಳೆದು ನೇರವಾಗಿ ಇಲ್ಲಿ ಕೂತಿದ್ದೇನೆ.

ರಜೆಗೆ ಮುಂಚಿನ ಕೊನೆಯ ದಿನ, ಜಿಲ್ಲಾ ಕೋರ್ಟು ಜಾತ್ರೆಯಂತಿತ್ತು. ನಿನ್ನೆ ಹಾಕಿದ ನಮ್ಮ ಅಪೀಲು ಊಟದ ನಂತರ ಬಂತು. ಪರಮೇಶ್ವರಪ್ಪ ನಿಂತು ಚೆನ್ನಾಗಿ ಹೇಳಿದರು. ಹೂಂ ಎಂದ ಮಾತ್ರಕ್ಕೆ ಕಬೂಲಿಯಲ್ಲ, ತನ್ನ ಮೇಲಿನ ಆರೋಪವೇನು, ಒಪ್ಪಿದರೆ ಏನಾದೀತು ಎಂದು ತಿಳಿದು ಹೇಳಬೇಕು, ಇಲ್ಲವಾದರೆ ಅದು ಆರೋಪಿಯ ಮಾತಲ್ಲ. ಸರ್ಕಾರಿ ವಕೀಲರು ಕಾನೂನಿನಲ್ಲಿ ಅಪೀಲೇ ಇಲ್ಲ ಎಂದರು. ಜಡ್ಜರು ನನ್ನ ಅಫಿಡವಿಟ್ ಓದುತ್ತಿದ್ದರು. ವಯಸ್ಸಾದವರು. ಮತ್ತೆ ಓದಿದರು.

"ಈ ವಕೀಲರು ಬಂದಿದ್ದಾರೆಯೇ?"

ಎದ್ದೆ. ಅಂಗಿಯಲ್ಲಿ ನಿಂತಿದ್ದೆ. ಕೋಟಿಲ್ಲದೆ ಕೋರ್ಟಿನಲ್ಲಿ ಕೈ ಎಲ್ಲಿ ಇಡಬೇಕೆಂದೇ ತಿಳಿಯುವುದಿಲ್ಲ.

"ಇಪ್ಪತ್ತು ವರ್ಷ ಪ್ರಾಕ್ಟೀಸು ಎಂದು ಬರೆದಿದ್ದೀರಿ. ಮ್ಯಾಜಿಸ್ಟ್ರೇಟರು ಹೊಸಬರು ಎಂದು ಗೊತ್ತಿತ್ತು. ಆದರೂ ಈ ಮನುಷ್ಯನಿಗೆ ಒಪ್ಪಿಕೋ ಎಂದಿರಿ. ಏನು ಅವಸರವಿತ್ತು ನಿಮಗೆ?"

ವರ್ಷವಿಡೀ ನಾನು ಹುಚ್ಚನನ್ನು ಕೇಳದ ಪ್ರಶ್ನೆ ಒಂದು. ನನ್ನನ್ನು ಯಾರೂ ಕೇಳದ ಪ್ರಶ್ನೆ ಇದು. ಡಿಸ್ಪೋಸಲ್ ದಿನ ಎಂದು ಹೇಳಬಹುದಿತ್ತು. ಪದ್ಧತಿ ಎನ್ನಬಹುದಿತ್ತು. ಬಾಯಿ ತೆರೆದೆ, ಯಾವುದೂ ಹೊಂದಿ ಬರಲಿಲ್ಲ. ಇದನ್ನು ಧೈರ್ಯ ಎಂದು ಮುಂದೆ ಎಂದಾದರೂ ನೆನಪಿಸಿಕೊಳ್ಳಬಾರದು, ಅದಕ್ಕೇ ಬರೆಯುತ್ತಿದ್ದೇನೆ. ಸುಳ್ಳು ಸಮಯಕ್ಕೆ ಸಿಗಲಿಲ್ಲ, ಅಷ್ಟೇ.

ಹೇಳಿದೆ.

"ಜೋರಾಗಿ ಹೇಳಿ," ಎಂದರು.

"ಹಂದಿ ಹೊಡೆದವರು ನನ್ನ ಹೆಂಡತಿಯ ಅಣ್ಣ. ಹುಚ್ಚ ಹೇಳಿದ, ಅವರೂ ನನ್ನೆದುರು ಒಪ್ಪಿದರು. ಹುಚ್ಚನನ್ನು ಕಬೂಲ್ ಮಾಡಿಸುವಾಗ ನನಗೆ ಅಷ್ಟು ಗೊತ್ತಿರಲಿಲ್ಲ. ಬಂದೂಕು ಅವರದೆಂದು ಗೊತ್ತಿತ್ತು. ಅದು ಹೊರಗೆ ಬಾರದಿರಲಿ ಎಂದು ಅವಸರ."

ಹಿಂದೆ ಯಾರೋ ಕೆಮ್ಮಿದರು. ಪರಮೇಶ್ವರಪ್ಪ ತಲೆ ತಗ್ಗಿಸಿ ತಮ್ಮ ಕಾಗದ ಜೋಡಿಸಿಕೊಂಡರು. ಜಡ್ಜರು ಬರೆದುಕೊಂಡರು. ಹೆಸರು ಕೇಳಿದರು. ವೆಂಕಟ್ರಮಣ ಗಣಪತಿ ಹೆಗಡೆ. ಅಪ್ಪನ ಹೆಸರು ಸೇರಿಸಿ ಹೇಳಿದೆ, ಏಕೆಂದು ತಿಳಿಯದು.

ಶಿಕ್ಷೆ ಅಮಾನತು. ನಾಳೆ ರಜೆಯ ಜಡ್ಜರ ಎದುರು ಜಾಮೀನು ಕೊಟ್ಟರೆ ಹುಚ್ಚ ಹೊರಗೆ. ಕಬೂಲಿಯ ಸಂಗತಿ ರಜೆ ಕಳೆದ ಮೇಲೆ. ನನ್ನ ಸಂಗತಿ ಬಾರ್ ಕೌನ್ಸಿಲಿಗೆ ಕಳಿಸಬೇಕೆ ಎಂಬುದೂ ಆಗಲೇ. ಹೊರಗೆ ಪರಮೇಶ್ವರಪ್ಪ ನನ್ನ ಬೆನ್ನ ಮೇಲೆ ಕೈ ಇಡಲು ಬಂದು, ಇಡದೆ, "ಊಟ ಮಾಡೀರೇನು?" ಎಂದರು.

ಅರಬೈಲ್ ಘಟ್ಟದಲ್ಲಿ ಎಲ್ಲ ತಿರುವಿಗೂ ಒಂದು ವಾಕ್ಯ ಮಾಡಿದೆ, ಮನೆಗೆ ಬಂದು ಹೇಳಲು. ಯಲ್ಲಾಪುರ ಬರುವುದರೊಳಗೆ ಒಂದೂ ಉಳಿಯಲಿಲ್ಲ.

ವಿನೋದಾ ಚಾ ತಂದಿಟ್ಟಳು. ಹೋಗಲಿಲ್ಲ.

"ಅಣ್ಣ ಫೋನ್ ಮಾಡಿದ್ದ. ಕಾರವಾರದಲ್ಲಿ ಎಂತ ಆತು ಹೇಳಿ ಕೇಳ್ದ. ಯಂಗೆ ಗೊತ್ತಿಲ್ಲೆ ಅಂದೆ. ಅತ್ತ. ಎಂತಕ್ಕೆ ಅಳ್ತ ಅವ?"

"ಹೇಳ್ತೆ," ಎಂದೆ. "ಇದೊಂದು ಬರದು ಮುಗಸ್ತೆ."

"ಬರೀರಿ," ಎಂದಳು.

ಬಾಗಿಲಿಗೆ ಒರಗಿ ನಿಂತಿದ್ದಾಳೆ. ಚಾ ಆರುತ್ತಿದೆ. ಬರೆಯುವುದು ನಿಂತರೆ ಹೇಳಬೇಕು. ಬರೆಯಲು ಇನ್ನೇನೂ ಉಳಿದಿಲ್ಲ, ಅದು ಅವಳಿಗೂ ಕಾಣುತ್ತಿದೆ, ಪೆನ್ನು ಸುಮ್ಮನೆ